ಆಟದ ಕಥೆಗೆ ಎಷ್ಟು ನಿಜ ಬೇಕು?

ಆಟವನ್ನು ಕುರಿತ ಕಥೆ ಎಷ್ಟರ ಮಟ್ಟಿಗೆ ನಿಜವಾಗಿರಬೇಕು? ಇದು ಹುಡುಗರ ಪ್ರಶ್ನೆಯೆಂದು ತೋರಬಹುದು. ಸಾಹಿತ್ಯಕ್ಕೆ ಮೀಸಲಾದ ಪುಟದಲ್ಲಿ ಇದಕ್ಕೆ ಸ್ಥಳವುಂಟೆ ಎಂದು ಕೇಳುವ ಹಿರಿಯರೂ ಇದ್ದಾರು. ಆದರೆ ಕೊಂಚ ನಿಂತು ನೋಡಿದರೆ, ಕಾವ್ಯದಲ್ಲಿ ಸಹಜವೆಷ್ಟು, ಅತಿಶಯವೆಷ್ಟು ಎಂಬ ನಮ್ಮ ಅಲಂಕಾರಶಾಸ್ತ್ರದ ಹಳೆಯ ಚರ್ಚೆಯೇ ಹೊಸ ಉಡುಪು ತೊಟ್ಟು ಎದುರಿಗೆ ಬಂದಿರುವುದು ಕಾಣುತ್ತದೆ. ಆ ಚರ್ಚೆಯನ್ನು ಕನ್ನಡದಲ್ಲಿ ನಡಸಿದ, ನಮಗೆ ದೊರೆತಿರುವ ಮೊದಲ ಗ್ರಂಥವಾದ ‘ಕವಿರಾಜಮಾರ್ಗ’ ಹುಟ್ಟಿದುದು ಮಾನ್ಯಖೇಟದ ಅರಮನೆಯ ಆಶ್ರಯದಲ್ಲಿ. ಆ ಮಾನ್ಯಖೇಟವೇ ಇಂದಿನ ಮಳಖೇಡ. ಕಾಗಿಣಾ ನದಿಯ ದಂಡೆಯ ಮೇಲೆ, ನಮ್ಮ ಸೇಡಂ ತಾಲ್ಲೂಕಿನಲ್ಲಿಯೇ ಇದೆ. ಆದುದರಿಂದ ಈ ಪ್ರಶ್ನೆಯನ್ನು ಈ ಸೀಮೆಯವನೊಬ್ಬ ಎತ್ತಿಕೊಂಡರೆ ಅದು ಅಧಿಕಪ್ರಸಂಗವಾಗಲಾರದು.

ಪ್ರಶ್ನೆ ಈ ಸಲ ಬಂದುದು ಮಾತ್ರ ಜಪಾನಿನಿಂದ. ಜಪಾನೀಯರು ಚಿತ್ರಕಥೆಯನ್ನು ಮಾಂಗಾ ಎಂದು ಕರೆಯುತ್ತಾರೆ. ಅದರಲ್ಲಿ ಕ್ರೀಡೆಯನ್ನೇ ವಸ್ತುವಾಗಿ ಉಳ್ಳ ಒಂದು ದೊಡ್ಡ ಶಾಖೆ ಉಂಟು. ಬೇಸ್‌ಬಾಲ್, ಮುಷ್ಟಿಯುದ್ಧ, ಕಾಲ್ಚೆಂಡು, ಬ್ಯಾಸ್ಕೆಟ್‌ಬಾಲ್, ವಾಲಿಬಾಲ್ ಹೀಗೆ ಒಂದೊಂದು ಆಟಕ್ಕೂ ಹತ್ತಾರು ಕಥೆಗಳು. ವಾರಪತ್ರಿಕೆಗಳಲ್ಲಿ ಕಂತು ಕಂತಾಗಿ ವರ್ಷಗಟ್ಟಲೆ ನಡೆಯುವುದು ಇವುಗಳ ಪದ್ಧತಿ. ಒಂದೇ ಪಂದ್ಯ ಮುಗಿಯಲು ಓದುಗ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಇವುಗಳ ಚಲಿಸುವ ಚಿತ್ರರೂಪ ಈಗ ಮೊಬೈಲಿನೊಳಗೆ ಸೇರಿಕೊಂಡು ಎಲ್ಲ ಊರುಗಳನ್ನೂ ತಲುಪಿದೆ. ವಾಡಿ, ಚಿತ್ತಾಪುರಗಳಿಂದ ರೈಲಿನಲ್ಲಿಯೂ ಚಿಂಚೋಳಿಯ ಕಡೆಯಿಂದ ಬಸ್ಸಿನಲ್ಲಿಯೂ ಸೇಡಂಗೆ ಬರುವ ನನ್ನ ವಿದ್ಯಾರ್ಥಿಗಳು ದಾರಿಯುದ್ದಕ್ಕೂ ನೋಡುವುದು ಇವನ್ನೇ. ಪಂಪನ ಪಾಠಕ್ಕೆ ತೂಕಡಿಸುವವರು ಇವುಗಳ ವಿಷಯ ಬಂದರೆ ಎದ್ದು ಕೂರುತ್ತಾರೆ.

1981ರಲ್ಲಿ ಯೋಯಿಚಿ ತಾಕಾಹಾಶಿ ಆರಂಭಿಸಿದ ‘ಕ್ಯಾಪ್ಟನ್ ತ್ಸುಬಾಸಾ’ ಎಂಬ ಕಾಲ್ಚೆಂಡಿನ ಕಥೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅದರ ಮೈದಾನಕ್ಕೆ ಕೊನೆಯೇ ಇಲ್ಲವೆನ್ನುವಂತೆ ಹುಡುಗರು ಓಡುತ್ತಲೇ ಇರುತ್ತಾರೆ. ಚೆಂಡು ಗಾಳಿಯಲ್ಲಿರುವಷ್ಟು ಹೊತ್ತಿನಲ್ಲಿ ಒಬ್ಬನಿಗೆ ಬಾಲ್ಯದ ನೆನಪು, ಇನ್ನೊಬ್ಬನಿಗೆ ಗುರುವಿನ ಉಪದೇಶ, ಮತ್ತೊಬ್ಬನಿಗೆ ದೀರ್ಘವಾದ ಆತ್ಮವಿಮರ್ಶೆ. ಅವಳಿ ಸಹೋದರರಲ್ಲೊಬ್ಬ ನೆಲಕ್ಕೆ ಅಂಗಾತನಾಗಿ ಕಾಲೆತ್ತಿದರೆ, ಮತ್ತೊಬ್ಬ ಆ ಪಾದಗಳ ಮೇಲಿಂದ ಆಕಾಶಕ್ಕೆ ಚಿಮ್ಮುತ್ತಾನೆ. ಯಾವ ಮೈದಾನದಲ್ಲಿಯೂ ಇಂಥದನ್ನು ಯಾರೂ ಕಂಡಿಲ್ಲ. ಆದರೂ ಸ್ಪೇನಿನ ಪರವಾಗಿ 2010ರ ವಿಶ್ವಕಪ್ ಗೆದ್ದ ತಂಡದಲ್ಲಿದ್ದ ಫರ್ನಾಂಡೊ ಟೊರೆಸ್, ಬಾಲ್ಯದಲ್ಲಿ ಇದನ್ನು ನೋಡಿಯೇ ತಾವು ಕಾಲ್ಚೆಂಡಿಗೆ ಒಲಿದುದಾಗಿ ಹೇಳಿಕೊಂಡಿದ್ದಾರೆ. ಅಸಂಭವವನ್ನು ನೋಡಿದ ಹುಡುಗ ಸಂಭವದ ಮೈದಾನಕ್ಕೆ ಇಳಿದ ಎಂದ ಮೇಲೆ ಅಸಂಭವವನ್ನು ಸುಳ್ಳೆಂದು ತಳ್ಳಿಬಿಡುವುದು ಅಷ್ಟು ಸುಲಭವಲ್ಲ.

ಒಂದು ಮಧ್ಯಾಹ್ನ ತರಗತಿಯಲ್ಲಿ ಅತಿಶಯೋಕ್ತಿಯ ಲಕ್ಷಣ ಹೇಳುತ್ತಿದ್ದಾಗ ಈ ಕಥೆಗಳ ಮಾತು ಬಂದಿತು. ಕಬಡ್ಡಿಯಲ್ಲಿ ಹೆಸರು ಮಾಡಿರುವ ವಾಡಿಯ ಹುಡುಗನೊಬ್ಬ ಎದ್ದು ಹೇಳಿದ: “ಹಾರಿದ್ದು ಹಾರ್ಲಿ ಬಿಡ್ರಿ ಸರ. ಆದ್ರ ಅವ್ನಿಗಿ ದಮ್ಮೇ ಹತ್ತಲ್ಲಲ್ಲ? ಮೂವತ್ತು ಸೆಕೆಂಡ್ ರೇಡ್ ಹೋಗಿ ಬಂದ್ರ ನಮ್ಮ ಎದಿ ಒಡ್ದಂಗ ಆಗ್ತದ. ಅವ ನೋಡಿದ್ರ ನಿಂತು ಭಾಷಣ ಮಾಡ್ಲಕತ್ತಾನ.” ಚಿಂಚೋಳಿಯ ಕಡೆಯ ಹುಡುಗಿಯೊಬ್ಬಳು ಒಪ್ಪಲಿಲ್ಲ: “ದಿನಾ ಕಾಣೋದೇ ಬರದ್ರ ಓದೋದ್ಯಾಕ್ರಿ ಸರ? ಅವ ಹಾರ್ದಾಗ ನನ್ನ ಮೈಯಾಗ ಏನಾಗ್ತದೋ ಅದು ಖರೇನೇ ಅದ.”

ಈ ಎರಡು ಮಾತುಗಳ ನಡುವೆ ಇಡಿಯ ಕಾವ್ಯಮೀಮಾಂಸೆಯೇ ಅಡಗಿದೆ ಎಂದರೆ ಉತ್ಪ್ರೇಕ್ಷೆಯಾಗದು. ಭಾಮಹನು ಹುಡುಗಿಯ ಪಕ್ಷ. ಸಂಜೆಯಾದುದನ್ನು ಇದ್ದಂತೆಯೇ ವರದಿ ಮಾಡಿದರೆ ಅದು ವಾರ್ತೆಯಾದೀತೇ ಹೊರತು ಕಾವ್ಯವಾಗದೆಂಬುದು ಅವನ ಅಭಿಮತ. ಮಾತು ಲೋಕವನ್ನು ಮೀರಿದಾಗಲೇ ಅಲಂಕಾರ. ದಂಡಿಯು ಹೆಚ್ಚು ಉದಾರಿ. ವಸ್ತುವಿನ ಸ್ವರೂಪವನ್ನು ಕಣ್ಣಿಗೆ ಕಟ್ಟುವಂತೆ ಹೇಳುವ ಸ್ವಭಾವೋಕ್ತಿಯನ್ನು ಅಲಂಕಾರಗಳ ಮೊದಲಿಗೆ ಇಟ್ಟ. ಅತಿಶಯವನ್ನು ಉಳಿದ ಅಲಂಕಾರಗಳ ಆಸರೆಯೆಂದೂ ಹೊಗಳಿದ. ದಂಡಿಯನ್ನು ಬಹುಮಟ್ಟಿಗೆ ಅನುಸರಿಸಿದ ಕವಿರಾಜಮಾರ್ಗವೂ ಸ್ವಭಾವೋಕ್ತಿಯನ್ನು ‘ಜಾತಿ’ ಎಂಬ ಹೆಸರಿನಿಂದ ಕನ್ನಡಕ್ಕೆ ತಂದುಕೊಂಡು, ಅತಿಶಯಕ್ಕೂ ಸ್ಥಾನ ಕೊಟ್ಟಿತು. ಎರಡೂ ಬೇಕು ಎಂದಾಯಿತು. ಆದರೆ ಯಾವುದು ಎಲ್ಲಿ ಬೇಕು? ಇದಕ್ಕೆ ಲಕ್ಷಣಗ್ರಂಥಕ್ಕಿಂತ ಲಕ್ಷ್ಯಗ್ರಂಥವೇ ಒಳ್ಳೆಯ ಉತ್ತರ ಕೊಡುತ್ತದೆ. ಅದೂ ಇದೇ ಮಳಖೇಡದ ರಾಜಪರಂಪರೆಗೆ ಸೇರಿದುದು.

ಸುಮಾರು 814ರಿಂದ 878ರವರೆಗೆ ಆಳಿದ ಅಮೋಘವರ್ಷ ನೃಪತುಂಗನು ಗುರುವೆಂದು ಗೌರವಿಸಿದ ಜಿನಸೇನಾಚಾರ್ಯರ ಸಂಸ್ಕೃತ ಆದಿಪುರಾಣದಲ್ಲಿ ಭರತ–ಬಾಹುಬಲಿಗಳ ಪ್ರಸಂಗವಿದೆ. 941ರಲ್ಲಿ ಪಂಪನು ಅದನ್ನು ಕನ್ನಡದ ಆದಿಪುರಾಣಕ್ಕೆ ತಂದುದನ್ನು ವಾಚಕರು ಬಲ್ಲರು. ಎರಡು ಸೇನೆಗಳೂ ಎದುರುಬದುರಾಗಿ ನಿಂತಿವೆ. ವೃಥಾ ರಕ್ತಪಾತವೇಕೆ ಎಂದು ಮಂತ್ರಿಗಳು ಅಣ್ಣತಮ್ಮಂದಿರು ಇಬ್ಬರೇ ಸೆಣಸಲೆಂದು ಗೊತ್ತುಮಾಡುತ್ತಾರೆ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ: ನಿಯಮಬದ್ಧವಾದ, ರಕ್ತವಿಲ್ಲದ ಮೂರು ಸ್ಪರ್ಧೆಗಳು. ಇದನ್ನು ಆಟದ ಕಥೆಯೆಂದು ಕರೆಯಲು ನನಗೆ ಯಾವ ಸಂಕೋಚವೂ ಇಲ್ಲ.

ಈ ಕಥೆಯಲ್ಲಿ ಭರತನ ಎತ್ತರ 500 ಬಿಲ್ಲು; ಬಾಹುಬಲಿಯದು 525. ಅತಿಶಯಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಆದರೆ ಆ ಅತಿಶಯದ ಒಳಗೆ ಕವಿ ಮಾಡಿರುವ ಲೆಕ್ಕವನ್ನು ನೋಡಬೇಕು. ಹೆಚ್ಚು ಎತ್ತರದವನು ಕೆಳಕ್ಕೆ ನೋಡುತ್ತಾನೆ, ಕಡಮೆ ಎತ್ತರದವನು ಮೇಲಕ್ಕೆ. ಮೇಲಕ್ಕೆ ನೋಡುವವನ ರೆಪ್ಪೆ ಮೊದಲು ಸೋಲುತ್ತದೆ. ನೀರೆರಚುವಾಗ ಭರತನು ಚಿಮ್ಮಿದ ನೀರು ತಮ್ಮನ ಎದೆಯವರೆಗೆ ಮಾತ್ರ ಹೋಗುತ್ತದೆ. ತಮ್ಮನು ಚಿಮ್ಮಿದುದು ಅಣ್ಣನ ಮುಖವನ್ನೇ ಮುಚ್ಚುತ್ತದೆ. ಇಪ್ಪತ್ತರಲ್ಲಿ ಒಂದು ಪಾಲಿನ ಎತ್ತರ ಗೆಲುವನ್ನು ನಿರ್ಧರಿಸಿತು. ನಮ್ಮ ಅಳತೆಗೆ ಇಳಿಸಿದರೆ 160 ಸೆಂಟಿಮೀಟರಿನ ಹುಡುಗನ ಎದುರಿಗೆ 168 ಸೆಂಟಿಮೀಟರಿನ ಹುಡುಗ ನಿಂತಂತೆ. ಇದು ವಾಲಿಬಾಲ್ ಆಡಿದ ಯಾರಿಗಾದರೂ ಅರ್ಥವಾಗುವ ಅಂತರ. ಪ್ರಮಾಣವನ್ನು ಕವಿ ಮುಗಿಲಿಗೇರಿಸಿದ. ದೇಹದ ನ್ಯಾಯವನ್ನು ಮಾತ್ರ ನೆಲದ ಮೇಲೆಯೇ ಬಿಟ್ಟ.

ಮೂರನೆಯ ಸ್ಪರ್ಧೆಯ ಕೊನೆಯೂ ಹೀಗೆಯೇ. ಬಾಹುಬಲಿ ಅಣ್ಣನನ್ನು ಎತ್ತಿಹಿಡಿದ. ನೆಲಕ್ಕೆ ಅಪ್ಪಳಿಸಬಹುದಾಗಿತ್ತು, ಅಪ್ಪಳಿಸಲಿಲ್ಲ. ಸೋಲನ್ನು ತಾಳಲಾರದೆ ಭರತನು ಗೊತ್ತುಪಾಡನ್ನು ಮುರಿದು ಚಕ್ರವನ್ನು ಪ್ರಯೋಗಿಸಿದ. ಚಕ್ರವು ಬಾಹುಬಲಿಯನ್ನು ನೋಯಿಸದೆ ಬಲವಂದು ನಿಂತುದು ಪವಾಡ. ಆದರೆ ಸೋತ ಅಣ್ಣನ ಸಿಟ್ಟು, ಗೆದ್ದ ತಮ್ಮನ ಜುಗುಪ್ಸೆ ಇವೆರಡೂ ಪವಾಡವಲ್ಲ. ಯಾವ ಊರಿನ ಅಖಾಡದಲ್ಲಿಯೂ ಕಾಣಬಹುದಾದ ಮನುಷ್ಯಸ್ವಭಾವ. ರನ್ನನ ಗದಾಯುದ್ಧದಲ್ಲಿಯೂ ನಮ್ಮನ್ನು ಕಾಡುವುದು ನಿಯಮದ ಮಾತೇ. ನಾಭಿಯಿಂದ ಕೆಳಗೆ ಹೊಡೆಯಬಾರದೆಂಬುದು ಗದಾಯುದ್ಧದ ಧರ್ಮ. ತೊಡೆಯನ್ನು ಮುರಿಯುವೆನೆಂಬುದು ಭೀಮನ ಪ್ರತಿಜ್ಞೆ. ಓದುಗನಿಗೆ ನಿಯಮ ತಿಳಿಯದಿದ್ದರೆ, ಕವಿಗೆ ಅದರಲ್ಲಿ ನಂಬಿಕೆಯಿಲ್ಲದಿದ್ದರೆ, ಆ ಏಟಿಗೆ ಇರುವ ಭಾರವೆಲ್ಲ ಕರಗಿಹೋಗುತ್ತಿತ್ತು.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಜಪಾನಿನ ಕಥೆಗಳ ಕಡೆಗೆ ಹೊರಳೋಣ. 1968ರಿಂದ 1973ರವರೆಗೆ ಪ್ರಕಟವಾದ ‘ಆಶಿತಾ ನೋ ಜೋ’ ಎಂಬ ಮುಷ್ಟಿಯುದ್ಧದ ಕಥೆಯನ್ನು ಬರೆದವರು ಆಸಾವೊ ತಾಕಾಮೊರಿ, ಚಿತ್ರಿಸಿದವರು ತೆತ್ಸುಯಾ ಚಿಬಾ. ನಾಯಕ ಜೋ ಎಂಬುವನ ಎದುರಾಳಿಯಾದ ರಿಕಿಇಶಿಯನ್ನು ಚಿತ್ರಕಾರರು ಮೊದಲ ಭೇಟಿಯಲ್ಲಿಯೇ ಬಹಳ ಎತ್ತರವಾಗಿ ಬರೆದುಬಿಟ್ಟರು. ಮುಷ್ಟಿಯುದ್ಧದಲ್ಲಿ ತೂಕದ ವರ್ಗ ಬೇರೆಯಾದರೆ ಇಬ್ಬರೂ ಸೆಣಸುವಂತಿಲ್ಲ. ಕಥೆಗಾರರು ಈ ನಿಯಮವನ್ನು ಮರೆಸಿ ಮುಂದುವರಿಯಬಹುದಿತ್ತು. ಅವರು ಹಾಗೆ ಮಾಡದೆ, ರಿಕಿಇಶಿಯು ಜೋನ ವರ್ಗಕ್ಕೆ ಇಳಿಯುವುದಕ್ಕಾಗಿ ಅನ್ನ ನೀರು ಬಿಟ್ಟು ಎಲುಬಿನ ಗೂಡಾಗುವುದನ್ನು ಕಥೆಯ ಒಡಲಾಗಿ ಮಾಡಿದರು. ಅವನು ಆ ಪಂದ್ಯವನ್ನು ಗೆಲ್ಲುತ್ತಾನೆ, ಗೆದ್ದ ಬೆನ್ನಿಗೇ ಸಾಯುತ್ತಾನೆ. ಓದುಗರು ಇದನ್ನು ಎಷ್ಟು ನಿಜವೆಂದು ಬಗೆದರೆಂದರೆ, 1970ರ ಮಾರ್ಚ್ 24ರಂದು ಟೋಕಿಯೋದಲ್ಲಿ, ಕವಿ ಹಾಗೂ ನಾಟಕಕಾರ ಶೂಜಿ ತೆರಾಯಾಮಾ ಅವರ ಮುಂದಾಳುತನದಲ್ಲಿ, ಆ ಕಲ್ಪಿತ ವ್ಯಕ್ತಿಯ ಅಂತ್ಯಸಂಸ್ಕಾರವೇ ನಡೆಯಿತು. ಸುಮಾರು 700 ಮಂದಿ ಸೇರಿದ್ದರು. ತೂಕದ ಒಂದು ಒಣ ನಿಯಮಕ್ಕೆ ತಲೆಬಾಗಿದುದರಿಂದ ಹುಟ್ಟಿದ ಕರುಣರಸವಿದು.

ತಾಕೆಹಿಕೊ ಇನೊಯೆ 1990ರಿಂದ 1996ರವರೆಗೆ ರಚಿಸಿದ ‘ಸ್ಲ್ಯಾಮ್ ಡಂಕ್’ ಸ್ವಭಾವೋಕ್ತಿಯ ಮಾರ್ಗದ್ದು. ಲೇಖಕರು ಶಾಲಾದಿನಗಳಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿದವರು. ಅವರ ನಾಯಕನಿಗೆ ಆಟವೇ ಗೊತ್ತಿಲ್ಲ. ಚೆಂಡು ಪುಟಿಸುವುದನ್ನು ಮೂಲೆಯಲ್ಲಿ ನಿಂತು ಕಲಿಯಬೇಕು. ಕೊನೆಯ ಮಹಾಪಂದ್ಯದಲ್ಲಿ ಅವನ ಶಾಲೆ ದೇಶದ ಬಲಿಷ್ಠ ತಂಡವನ್ನು ಸೋಲಿಸುತ್ತದೆ. ಆ ಕಡೆಯ ಕ್ಷಣಗಳ ಪುಟಗಳಲ್ಲಿ ಮಾತೇ ಇಲ್ಲ. ಅದಾದ ಮರುಪಂದ್ಯದಲ್ಲಿಯೇ, ಸರ್ವಸ್ವವನ್ನೂ ಸುರಿದು ಬರಿದಾದ ತಂಡ ಸೋತುಹೋಯಿತೆಂದು ಕಥೆಗಾರ ಎರಡು ಮಾತಿನಲ್ಲಿ ಹೇಳಿ ಮುಗಿಸುತ್ತಾನೆ. ವಾಡಿಯ ಹುಡುಗ ಕೇಳಿದ ದಣಿವು ಇಲ್ಲಿದೆ.

ಹಾಗಾದರೆ ನಡೆದುದನ್ನು ನಡೆದಂತೆಯೇ ಬರೆದರೆ ಸಾಕಲ್ಲವೆ? ಸಾಲದು. 2024ರ ಆಗಸ್ಟ್ 6ರಂದು ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ವಿನೇಶ್ ಫೋಗಟ್ ಮೊದಲ ಸುತ್ತಿನಲ್ಲಿಯೇ, ಅಂತರರಾಷ್ಟ್ರೀಯ ಅಖಾಡದಲ್ಲಿ ಅದುವರೆಗೆ ಸೋಲನ್ನೇ ಕಾಣದಿದ್ದ ಜಪಾನಿನ ಯುಯಿ ಸುಸಾಕಿಯನ್ನು ಸೋಲಿಸಿದರು. ಅದೇ ದಿನ ಇನ್ನೆರಡು ಕುಸ್ತಿ ಗೆದ್ದು, ಒಲಿಂಪಿಕ್ ಕುಸ್ತಿಯ ಅಂತಿಮ ಹಂತ ಮುಟ್ಟಿದ ಮೊದಲ ಭಾರತೀಯ ಮಹಿಳೆಯಾದರು. ಮರುದಿನ ಬೆಳಗಿನ ತೂಕದಲ್ಲಿ 50 ಕಿಲೋಗ್ರಾಂಗಿಂತ 100 ಗ್ರಾಂ ಹೆಚ್ಚಾಯಿತೆಂದು ಅನರ್ಹರಾದರು. ಕಥೆಗಾರನೊಬ್ಬ ಇದನ್ನು ಕಲ್ಪಿಸಿ ಬರೆದಿದ್ದರೆ, “ಇದು ಅತಿಯಾಯಿತು” ಎಂದು ನಾವೇ ಅವನ ಕೈಹಿಡಿದು ನಿಲ್ಲಿಸುತ್ತಿದ್ದೆವು. ನಂಬಲಾಗದ ಸಂಭವಕ್ಕಿಂತ ನಂಬಬಹುದಾದ ಅಸಂಭವ ಲೇಸೆಂದು ಗ್ರೀಸಿನ ಅರಿಸ್ಟಾಟಲ್ ಹೇಳಿದುದರ ಮರ್ಮ ಇದು. ಲೋಕಕ್ಕೆ ಔಚಿತ್ಯದ ಹಂಗಿಲ್ಲ, ಕಥೆಗೆ ಉಂಟು. ರಸಭಂಗಕ್ಕೆ ಅನೌಚಿತ್ಯವೇ ಕಾರಣವೆಂದ ಆನಂದವರ್ಧನನು ಕೇಳುವುದು, ಮಾತು ಲೋಕಕ್ಕೆ ಹೊಂದುತ್ತದೆಯೇ ಎಂಬುದಕ್ಕಿಂತ ಹೆಚ್ಚಾಗಿ, ತಾನಿರುವ ಕಾವ್ಯಕ್ಕೆ ಹೊಂದುತ್ತದೆಯೇ ಎಂಬುದನ್ನು.

ಒಂದು ಎಚ್ಚರಿಕೆಯನ್ನು ಮಾತ್ರ ಇಲ್ಲಿ ಸೇರಿಸಬೇಕು. ಕಲ್ಪಿತ ಆಟಗಾರನ ವಿಷಯದಲ್ಲಿ ಕವಿಗಿರುವ ಸ್ವಾತಂತ್ರ್ಯ ಬದುಕಿರುವ ಆಟಗಾರರ ವಿಷಯದಲ್ಲಿ ಇರದು. 2016ರ ‘ದಂಗಲ್’ ಚಲಚ್ಚಿತ್ರದಲ್ಲಿ ಗೀತಾ ಫೋಗಟ್ ಅವರ 2010ರ ಕಾಮನ್‌ವೆಲ್ತ್ ಕ್ರೀಡಾಕೂಟದ ಅಂತಿಮ ಕುಸ್ತಿ ಕೊನೆಯ ಕ್ಷಣದವರೆಗೆ ತೂಗುಯ್ಯಾಲೆಯಾಡುತ್ತದೆ. ತಂದೆಯನ್ನು ತರಬೇತಿದಾರನೊಬ್ಬ ಕೋಣೆಯಲ್ಲಿ ಕೂಡಿಹಾಕುವಂತೆ ಮಾಡುತ್ತಾನೆ. ನಡೆದ ಕುಸ್ತಿಯಲ್ಲಿ ಗೀತಾ ನಿರಾಯಾಸವಾಗಿ ಗೆದ್ದರು. ಕೂಡಿಹಾಕಿದ ಸಂಗತಿ ಕಟ್ಟುಕಥೆ. ಪ್ರೇಕ್ಷಕರ ರೋಮಾಂಚನಕ್ಕಾಗಿ ಒಬ್ಬ ಆಟಗಾರ್ತಿಯ ಸಾಮರ್ಥ್ಯವನ್ನು ಕುಗ್ಗಿಸಿ, ಒಬ್ಬ ಗುರುವಿನ ಮೇಲೆ ಕಳಂಕ ಹೊರಿಸಿದಂತಾಯಿತು. ಅತಿಶಯಕ್ಕೂ ಅಪವಾದಕ್ಕೂ ಇರುವ ಗೆರೆಯನ್ನು ಕಥೆಗಾರ ಕಾಣದೆಹೋಗಬಾರದು.

ಇಷ್ಟೆಲ್ಲ ಶಾಸ್ತ್ರಚರ್ಚೆ ಏಕೆಂದು ವಾಚಕರು ಕೇಳಿಯಾರು. ಕಾರಣವುಂಟು. ನಮ್ಮ ಕಡೆಯ ಜಾತ್ರೆಗಳಲ್ಲಿ ತೆಂಗಿನಕಾಯಿಯ ಕುಸ್ತಿಯಿಂದ ಮೊದಲಾಗಿ ಬೆಳ್ಳಿ ಕಡದ ಕುಸ್ತಿಯವರೆಗೆ ಜೋಡಿಯನ್ನು ಹಿರಿಯರು ಕಣ್ಣಳತೆಯಿಂದಲೇ ಕಟ್ಟುತ್ತಾರೆ. ಕಾಲೇಜುಗಳ ಸ್ಪರ್ಧೆಯಲ್ಲಿ ಹಾಗಲ್ಲ, ತಕ್ಕಡಿ ಬಂದಿದೆ. ಶಹಾಬಾದಿನ ಕಡೆಯ ನನ್ನ ವಿದ್ಯಾರ್ಥಿಯೊಬ್ಬ ಒಂದು ದಿನ ಒಣಗಿ ಬಿರಿದ ತುಟಿಗಳೊಡನೆ ಗೋಡೆಗೆ ಒರಗಿ ಕುಳಿತಿದ್ದ. ಏನೆಂದು ಕೇಳಿದೆ. “ತೂಕ ಇಳಿಸ್ಬೇಕ್ರಿ ಸರ, ಎರಡು ದಿನ ಆಯ್ತು, ನೀರು ಬಿಟ್ಟೀನಿ” ಎಂದ. ಬಿಸಿಲೋ, ನಮ್ಮ ಸೀಮೆಯ ಬಿಸಿಲು. ಇದನ್ನು ಯಾರು ಹೇಳಿಕೊಟ್ಟರೆಂದರೆ ಮೊಬೈಲಿನಲ್ಲಿ ಅರ್ಧ ನಿಮಿಷದ ಒಂದು ತುಣುಕನ್ನು ತೋರಿಸಿದ. ಅದೇ ರಿಕಿಇಶಿ! ಬಾಯಾರಿ ನರಳುವ, ನರಳಿಯೂ ಬಗ್ಗದ ರಿಕಿಇಶಿ. ಹಿನ್ನೆಲೆಗೆ ಯಾರೋ ಸೇರಿಸಿದ ವೀರಸಂಗೀತ. ಮುಂದೆ ಏನಾಯಿತೆಂದು ಅವನಿಗೆ ತಿಳಿಯದು. “ಪಂದ್ಯ ಮುಗಿದ ಮೇಲೆ ಅವನು ಸತ್ತನಪ್ಪ” ಎಂದೆ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: “ಗೆದ್ದನಲ್ರಿ ಸರ?”

ಆ ಪ್ರಶ್ನೆಗೆ ತಕ್ಷಣ ಹೇಳಲು ನನ್ನಲ್ಲಿ ಉತ್ತರವಿರಲಿಲ್ಲ. ವ್ಯಾಯಾಮದ ಅಧ್ಯಾಪಕರು ಬಂದು ಅವನಿಗೆ ನೀರು ಕುಡಿಸಿ, ಮೇಲಿನ ತೂಕದ ವರ್ಗದಲ್ಲಿ ಹೆಸರು ಬರೆಸಿದರು. ಎರಡನೆಯ ಸುತ್ತಿನಲ್ಲಿ ಸೋತು ಬಂದ, ಗಟ್ಟಿಮುಟ್ಟಾಗಿ ಬಂದ.

ಈ ಪ್ರಸಂಗದಿಂದ ನನಗೆ ಒಂದು ಸಂಗತಿ ಸ್ಪಷ್ಟವಾಯಿತು. ಇಡಿಯ ಕಥೆ ಸುಳ್ಳು ಹೇಳಿರಲಿಲ್ಲ; ಬಾಯಾರಿಕೆಯ ಬೆಲೆಯನ್ನು ಅದು ಪೂರ್ತಿಯಾಗಿ ಕಾಣಿಸಿತ್ತು. ಸುಳ್ಳು ಹೇಳಿದುದು ತುಣುಕು. ಸಾಧನೆಯನ್ನು ಉಳಿಸಿಕೊಂಡು ಬೆಲೆಯನ್ನು ಕತ್ತರಿಸಿತ್ತು. ಅತಿಶಯವು ಅಪಾಯಕಾರಿಯಾಗುವುದು ಹೀಗೆ ತನ್ನ ಬೆಲೆಯಿಂದ ಬೇರ್ಪಟ್ಟಾಗ. ಕಾಲ ಮೇಲಿಂದ ಚಿಮ್ಮುವ ಅವಳಿಗಳನ್ನು ಯಾವ ಹುಡುಗನೂ ಅನುಕರಿಸಿ ಹೆಚ್ಚು ಕೆಡಲಾರ, ಏಕೆಂದರೆ ಅದು ಆಗದೆಂದು ಮೊದಲ ಪ್ರಯತ್ನದಲ್ಲಿಯೇ ನೆಲ ಹೇಳುತ್ತದೆ. ನೀರು ಬಿಡುವುದಾದರೋ ಯಾರಿಗೂ ಸಾಧ್ಯ. ನಿಜಕ್ಕೆ ಹತ್ತಿರವಾದ ಅತಿಶಯವೇ ಹೆಚ್ಚು ಜವಾಬ್ದಾರಿಯನ್ನು ಬೇಡುತ್ತದೆ.

ಈ ಜವಾಬ್ದಾರಿಯನ್ನು ಅರಿತವರೂ ಇದ್ದಾರೆ. 1966ರಲ್ಲಿ ಆರಂಭವಾದ ‘ಕ್ಯೋಜಿನ್ ನೋ ಹೋಶಿ’ ಎಂಬ ಬೇಸ್‌ಬಾಲ್ ಕಥೆಯಲ್ಲಿ ತಂದೆ ಮಗನ ಮೈಗೆ ಉಕ್ಕಿನ ಸ್ಪ್ರಿಂಗುಗಳ ಕವಚ ತೊಡಿಸಿ ಪಳಗಿಸುತ್ತಾನೆ. 2012ರಲ್ಲಿ ಇದು ‘ಸೂರಜ್: ದಿ ರೈಸಿಂಗ್ ಸ್ಟಾರ್’ ಎಂಬ ಹೆಸರಿನಿಂದ ಭಾರತದ ದೂರದರ್ಶನ ವಾಹಿನಿಗೆ ಬಂದಾಗ ಬೇಸ್‌ಬಾಲ್ ಹೋಗಿ ಕ್ರಿಕೆಟ್ ಆಯಿತು, ಉಕ್ಕಿನ ಸ್ಪ್ರಿಂಗ್ ಹೋಗಿ ಸೈಕಲ್ಲಿನ ರಬ್ಬರ್ ಟ್ಯೂಬ್ ಆಯಿತು. ಮಗುವಿನ ಮೈಗೆ ಉಕ್ಕು ತೊಡಿಸುವುದು ನಮ್ಮವರಿಗೆ ಹಿಂಸೆಯಾಗಿ ಕಂಡೀತೆಂಬ ವಿವೇಕ ಅದರ ಹಿಂದಿತ್ತು. ತರಬೇತಿಯ ವಿವರಕ್ಕೂ ನಮ್ಮಲ್ಲಿ ಪರಂಪರೆಯಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದವೆಂಬ ಪ್ರಕರಣವೇ ಉಂಟು: ಮಲ್ಲರ ಶ್ರೇಣಿಗಳು, ಅವರ ಆಹಾರ, ಮರಳ ಚೀಲ ಹೊರುವುದು, ನಡೆಯುವುದು, ಈಜುವುದು, ಕಂಬದ ಮೇಲಿನ ಸಾಮು. ಬೆಳ್ಳಿ ಕಡದ ಹಿಂದೆ ಎಷ್ಟು ಬೆಳಗುಗಳಿವೆ ಎಂಬುದನ್ನು ಆ ರಾಜ ಬಲ್ಲವನಾಗಿದ್ದ.

ಇಷ್ಟರಿಂದ ನಾನು ಹೊರಡಿಸುವ ಸಿದ್ಧಾಂತ ಸರಳವಾದುದು. ಹಾರುವ ಎತ್ತರ, ಚೆಂಡಿನ ವೇಗ, ಕ್ಷಣದ ಉದ್ದ ಇವುಗಳಲ್ಲಿ ಕಥೆಗಾರ ಸ್ವತಂತ್ರ. ಮೂರರಲ್ಲಿ ಮಾತ್ರ ಅವನು ನಿಜವನ್ನು ಬಿಡಕೂಡದು: ಆಟದ ನಿಯಮ, ದೇಹದ ದಣಿವು, ಎದುರಾಳಿಯ ಮನಸ್ಸು. ನಿಯಮ ಸಡಿಲಿದರೆ ಗೆಲುವಿಗೆ ಅರ್ಥವಿಲ್ಲ. ದಣಿವಿಲ್ಲದಿದ್ದರೆ ಸಾಹಸಕ್ಕೆ ಬೆಲೆಯಿಲ್ಲ. ಎದುರಾಳಿಯೂ ಗೆಲ್ಲಲೆಂದೇ ಬಂದವನೆಂಬುದನ್ನು ಮರೆತರೆ ಅವನು ಹೊಡೆತ ತಿನ್ನುವ ಬೊಂಬೆಯಾಗುತ್ತಾನೆ.

ಕನ್ನಡಕ್ಕೆ ಚಿತ್ರಕಥೆ ಹೊಸದಲ್ಲ. ದೇಶದಲ್ಲೆಲ್ಲ ಹೆಸರಾದ ‘ಅಮರ ಚಿತ್ರಕಥೆ’ಯ ಮೊದಲ ಸಂಚಿಕೆಗಳು 1965ರ ಸುಮಾರಿಗೆ ಬೆಂಗಳೂರಿನಲ್ಲಿ ಜಿ. ಕೆ. ಅನಂತರಾಮ್ ಅವರ ಉತ್ಸಾಹದಿಂದ ಕನ್ನಡದಲ್ಲಿಯೇ ಹೊರಬಂದುವು. ಅವು ಪಾಶ್ಚಾತ್ಯ ಕಥೆಗಳು. ಆ ಬಳಿಕ ನಮ್ಮ ಪುರಾಣಪುರುಷರೂ ಚಿತ್ರಕಥೆಯ ಪುಟಗಳಿಗೆ ಬಂದರು. ಕಪ್ಪು ಮಣ್ಣಿನ ಮೇಲೆ ಗೆರೆ ಎಳೆದು ಕಬಡ್ಡಿ ಆಡುವ ಹುಡುಗಿ, ಕಲ್ಲುಗಣಿಯ ಕೆಲಸ ಮುಗಿಸಿ ಸಂಜೆ ತಾಲೀಮಿಗೆ ಹೋಗುವ ಹುಡುಗ ಇನ್ನೂ ಬರಬೇಕಾಗಿದೆ. ಬರೆಯುವ ಕೈ ಎಲ್ಲಿದೆ ಎಂದು ಕೇಳಬೇಕಾಗಿಲ್ಲ. ಓದಿನ ಹಂಗಿಲ್ಲದೆಯೂ ಕಾವ್ಯಪ್ರಯೋಗದಲ್ಲಿ ನಿಪುಣರಾದವರು ಈ ನಾಡಿನ ಜನವೆಂದು ಹನ್ನೊಂದು ಶತಮಾನಗಳ ಹಿಂದೆಯೇ ಮಳಖೇಡದ ಗ್ರಂಥ ಮೆಚ್ಚಿ ನುಡಿಯಿತು. ನನ್ನ ವಿದ್ಯಾರ್ಥಿಗಳಿಗೆ ಓದಿನ ಬಲವೂ ಸ್ವಲ್ಪ ಇದೆ. ವಾಡಿಯ ಹುಡುಗನೂ ಚಿಂಚೋಳಿಯ ಹುಡುಗಿಯೂ ಕೂಡಿ ಬರೆಯಲಿ; ಅವಳು ಹಾರಿಸಲಿ, ಅವನು ಏದುಸಿರು ಬಿಡಿಸಲಿ. ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಹದಿನಾರು ಪುಟಗಳನ್ನು ಅವರಿಗಾಗಿ ಕಾದಿರಿಸುವುದಾಗಿ ಇಬ್ಬರಿಗೂ ಹೇಳಿದ್ದೇನೆ.